ಡಿಕ್ಷನರಿ ರಾಯರು

ಬಡಾವಣೆಗೊಬ್ಬರು ಡಿಕ್ಷನರಿ ರಾಯರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ಮೇಷ್ಟರ ಕೆಲಸದಿಂದಲೋ ನಿವೃತ್ತರು. ಇಂಗ್ಲಿಷರೇ ಕೈಬಿಟ್ಟ ಪದಗಳನ್ನು ಪಾರ್ಕಿನ ವಾಕಿಂಗಿನಲ್ಲಿ ಚಲಾವಣೆಗೆ ಬಿಡುವುದು ಅವರ ಕೆಲಸ. ತನಗೆ ಗೊತ್ತಿಲ್ಲದ ವಿಷಯಕ್ಕೆ ಬಾಯಿ ಹಾಕುವವನು ‘ಅಲ್ಟ್ರಾಕ್ರೆಪಿಡೇರಿಯನ್’. ರಸ್ತೆಗುಂಡಿಯ ಬಗ್ಗೆ ಮಾತಾಡಿದ ಎಲ್ಲರಿಗೂ ಈ ಬಿರುದು ಸಂದಿದೆ. 1819ರಲ್ಲಿ ಇಂಗ್ಲಿಷ್ ಪ್ರಬಂಧಕಾರ ಹ್ಯಾಜ್ಲಿಟ್ ಇದೇ ಮಾತಿನಿಂದ ವಿಮರ್ಶಕ ಗಿಫರ್ಡ್‌ನನ್ನು ಝಾಡಿಸಿದ್ದ ಎಂಬ ಟಿಪ್ಪಣಿ ಪುಕ್ಕಟೆ.

2018ರಲ್ಲಿ ಶಶಿ ತರೂರ್ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಶನ್’ ಎಂದು ಟ್ವೀಟಿಸಿದಾಗ ಊರೆಲ್ಲ ನಾಲಿಗೆ ತಿರುಗಿಸಲು ಹೆಣಗಿತು. ರಾಯರಿಗೆ ಮಾತ್ರ ಬೇಸರ. ಯಾವುದನ್ನೋ ಕೆಲಸಕ್ಕೆ ಬಾರದ್ದೆಂದು ತಳ್ಳಿಹಾಕುವುದಕ್ಕೆ 29 ಅಕ್ಷರ. ಕವಿ ಶೆನ್‌ಸ್ಟನ್ 1741ರಲ್ಲೇ ಕಾಗದದಲ್ಲಿ ಬರೆದಿದ್ದಾನೆ. “ಈಗ ಕಂಡುಹಿಡಿದವರ ಹಾಗೆ ಆಡ್ತಾರಲ್ರೀ!”

ಅವರ ಪಕ್ಕ ಮದುವೆ ಊಟಕ್ಕೆ ಕೂರುವುದಂತೂ ಪೂರ್ವಜನ್ಮದ ಕರ್ಮ. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪದವನು ಎರಡೆಲೆ ಆಚೆಗಿದ್ದ. ಎದುರು ಸಾಲಿನಲ್ಲಿ ಜಾಗ ಸಿಗದೆ ನಿಂತು ಎಲೆಗಳನ್ನೇ ದಿಟ್ಟಿಸುತ್ತಿದ್ದವರೊಬ್ಬರು ರಾಯರ ಕಣ್ಣಿಗೆ ಬಿದ್ದರು. “ನೋಡ್ರೀ, ಇದೇ ‘ಗ್ರೋಕ್’! ಉಣ್ಣುವವರ ಬಾಯನ್ನೇ ಆಸೆಯಿಂದ ನೋಡೋದು. ಸ್ಕಾಟ್‌ಲೆಂಡಿನ ಕಡೆಯ ಪದ.” ಹೇಳುತ್ತ ಎರಡೂ ಕೈ ಎಲೆಯ ಮೇಲೆ ಆಡಿಸಿದರು. ಬೇಡವೆನ್ನುತ್ತಿದ್ದಾರೆಂದು ತಿಳಿದ ತುಪ್ಪದವನು ಅವರನ್ನೂ ಪಕ್ಕದವರನ್ನೂ ದಾಟಿ ಮುಂದಕ್ಕೆ ಹೋದ. ಆಮೇಲೆ ಪಕ್ಕದವರು ಮೂರನೆಯ ಎಲೆಯ ತುಪ್ಪವನ್ನು ನೋಡಿದ ನೋಟಕ್ಕೆ ಆ ಸ್ಕಾಟ್ ಪದವೇ ಸರಿಯಾಗಿ ಒಪ್ಪುತ್ತಿತ್ತು. ಆ ಪಕ್ಕದವರು ಯಾರೆಂದು ಈ ಲೇಖಕ ಹೇಳಬೇಕಾಗಿಲ್ಲ.

ಹಾಗಂತ ರಾಯರನ್ನು ಸುಮ್ಮನಾಗಿಸುವ ಅಸ್ತ್ರ ಇಲ್ಲದಿಲ್ಲ: ‘ಡಾರ್ಡ್’. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ಸಾಂದ್ರತೆ ಎಂಬರ್ಥದಲ್ಲಿ ಅಚ್ಚಾದ ಈ ಪದ ಲೋಕದಲ್ಲೇ ಇರಲಿಲ್ಲ. ‘ಡಿ ಆರ್ ಡಿ’ (D or d), ಅಂದರೆ ದೊಡ್ಡಕ್ಷರವೋ ಚಿಕ್ಕಕ್ಷರವೋ ಸಾಂದ್ರತೆಯ ಸಂಕೇತವೆಂದು ಬರೆದ ಚೀಟಿಯನ್ನು ಒಂದೇ ಪದವೆಂದು ಓದಿಬಿಟ್ಟಿದ್ದರು. 1939ರಲ್ಲಿ ಗುಟ್ಟು ಬಯಲಾಯಿತು. ಇದನ್ನು ಎತ್ತಿದರೆ ರಾಯರು ಕನ್ನಡಕ ಒರೆಸುತ್ತ ಕೂರುತ್ತಾರೆ.

ಆದರೆ ಆಕ್ಸ್‌ಫರ್ಡ್ ನಿಘಂಟು ಬೆಳೆದದ್ದೇ ಇಂಥವರಿಂದ. ಸಂಪಾದಕ ಜೇಮ್ಸ್ ಮರ್ರೆಗೆ ಎಲ್ಲೆಲ್ಲಿಂದಲೋ ಓದುಗರು ಬಿಡಿಗಾಸೂ ಪಡೆಯದೆ ಪದಗಳನ್ನು ಚೀಟಿಯಲ್ಲಿ ಬರೆದು ಕಳಿಸಿದರು. ಮರ್ರೆ 1915ರಲ್ಲಿ ತೀರಿಕೊಂಡರು, ಕೆಲಸ ಮುಗಿದದ್ದು 1928ಕ್ಕೆ. ಅಲ್ಲಿ ಬಳಕೆ ತಪ್ಪಿದ ಪದಕ್ಕೆ ಕಠಾರಿಯ ಗುರುತು ಹಾಕುತ್ತಾರೆಯೇ ಹೊರತು ಮನೆಯಿಂದಾಚೆ ಕಳಿಸುವುದಿಲ್ಲ. ರಾಯರೂ ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಪದ ಬರೆದಿಡುತ್ತಾರೆ. ಕಳಿಸಲು ವಿಳಾಸವಿಲ್ಲ, ಅಷ್ಟೆ.

ವಿದೇಶದ ಮೊಮ್ಮಗಳು ವಾಟ್ಸ್ಯಾಪಿನಲ್ಲಿ ಬರೀ ‘ಕೆ’ ಎಂದು ಉತ್ತರಿಸಿದರೆ, ‘ಓ’ ಎಲ್ಲಿ ಹೋಯಿತೆಂದು ಕೇಳಲು ತಕ್ಷಣ ಫೋನ್ ಮಾಡುತ್ತಾರೆ. ಆ ನೆಪದಲ್ಲಿ ಅರ್ಧ ಗಂಟೆ ಮಾತಾಗುತ್ತದೆ.