ಆಟ ಮಾರುವವರ ಹಟ

ವಿಡಿಯೊ ಆಟದ ಸಾಮಾನು ಮಾರುವವರಷ್ಟು ಗಂಭೀರ ಜನ ಬೇರೆಲ್ಲೂ ಸಿಗಲಿಕ್ಕಿಲ್ಲ. ಆಡುವ ಹುಡುಗ ಸೋತರೆ ಬಟನ್ ಒತ್ತಿ ಮತ್ತೆ ಶುರು ಮಾಡುತ್ತಾನೆ. ಮಾರುವವರಿಗೆ ಆ ಬಟನ್ ಇಲ್ಲ. ಹಾಗಾಗಿ ಅವರ ಜಗಳ ನೋಡುವುದೇ ನನ್ನಂಥ ಆಡಲು ಬಾರದವರಿಗೆ ಒಂದು ಆಟ.

ಇವರಲ್ಲಿ ಹಿರಿಯಜ್ಜ ನಿಂಟೆಂಡೊ. 1889ರಲ್ಲಿ ಕ್ಯೋಟೋದಲ್ಲಿ ಶುರುವಾದಾಗ ಅದರ ಕಸುಬು ಹೂವಿನ ಚಿತ್ರದ ಇಸ್ಪೀಟು ಎಲೆ ಮಾಡುವುದು. ಸುಮಾರು ನೂರು ವರ್ಷ ಕಳೆದ ಮೇಲೆ, 1983ರಲ್ಲಿ, ಟಿವಿಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಪೆಟ್ಟಿಗೆ ತಂದಿತು. ತೊಂಬತ್ತರ ದಶಕದಲ್ಲಿ ನಮ್ಮೂರುಗಳಿಗೂ ಅದು ಬಂತು, ಆದರೆ ನಕಲಿ ವೇಷದಲ್ಲಿ. ಕ್ಯಾಸೆಟ್ ಮೇಲೆ '9999 ಆಟ' ಎಂದು ಬರೆದಿರುತ್ತಿತ್ತು. ಒಳಗಿದ್ದ ಹತ್ತಿಪ್ಪತ್ತೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಕ್ಯಾಸೆಟ್ ಕೈಕೊಟ್ಟರೆ ತೆಗೆದು, 'ಉಫ್' ಎಂದು ಊದಿ, ಮತ್ತೆ ತುರುಕುವುದೇ ರಿಪೇರಿ. ನಿಂಟೆಂಡೊ ಆಟದ ನಾಯಕ ಮಾರಿಯೋನನ್ನು ನಾವು ಅಷ್ಟು ಕುಣಿಸಿದರೂ ಕಂಪನಿಗೆ ನಯಾಪೈಸೆ ಹೋಗಲಿಲ್ಲ.

ನಿಜವಾದ ಹಗೆ ಹುಟ್ಟಿದ್ದು 1991ರಲ್ಲಿ, ಶಿಕಾಗೊದಲ್ಲಿ. ನಿಂಟೆಂಡೊ ಜೊತೆಗೂಡಿ ಸಿ.ಡಿ. ಹಾಕುವ ಪೆಟ್ಟಿಗೆ ಮಾಡುತ್ತೇವೆ ಎಂದು ಸೋನಿ ಸಂಭ್ರಮದಿಂದ ಘೋಷಿಸಿತು. ಮರುದಿನವೇ ನಿಂಟೆಂಡೊ, ನಮ್ಮ ಸಂಬಂಧ ಫಿಲಿಪ್ಸ್ ಜೊತೆ ಎಂದುಬಿಟ್ಟಿತು. ತಾಂಬೂಲ ಬದಲಾಯಿಸಿಕೊಂಡ ಮೇಲೆ ಬೀಗರೆದುರೇ ಹುಡುಗಿ ಬೇಡ ಎಂದ ಹಾಗಾಯಿತು. ಸೋನಿ ಅಳುತ್ತಾ ಕೂರಲಿಲ್ಲ. 1994ರ ಡಿಸೆಂಬರಿನಲ್ಲಿ ತನ್ನದೇ ಪ್ಲೇಸ್ಟೇಷನ್ ತಂದಿತು.

ಮುಂದಿನ ವರ್ಷ ಮೇ ತಿಂಗಳಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಡಿಯೊ ಆಟಗಳ ಇ3 ಮೇಳ. ಸೆಗಾ ಕಂಪನಿಯವರು ವೇದಿಕೆ ಹತ್ತಿ, ನಮ್ಮ ಸ್ಯಾಟರ್ನ್ ಪೆಟ್ಟಿಗೆ ಇವತ್ತಿನಿಂದಲೇ ಅಂಗಡಿಯಲ್ಲಿದೆ, ಬೆಲೆ 399 ಡಾಲರ್ ಎಂದರು. ಆಮೇಲೆ ಸೋನಿಯ ಸ್ಟೀವ್ ರೇಸ್ ಮೈಕಿನ ಮುಂದೆ ಬಂದರು, '299' ಎಂದರು, ಇಳಿದು ಹೋದರು. ಅಷ್ಟೇ ಭಾಷಣ. ನಮ್ಮ ಸಭೆಗಳ ಮುಖ್ಯ ಅತಿಥಿಗಳು ಇದನ್ನು ಗಮನಿಸಬೇಕು. ಸೆಗಾ 2001ರಲ್ಲಿ ಪೆಟ್ಟಿಗೆ ಮಾಡುವುದನ್ನೇ ನಿಲ್ಲಿಸಿತು. ಅದೇ ವರ್ಷ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಹಿಡಿದು ಕಣಕ್ಕಿಳಿಯಿತು.

ಸೋನಿಯಂತೆ ನೂರು ಡಾಲರ್ ಇಳಿಸಿದರೆ ಪೆಟ್ಟಿಗೆಯವರಿಗೆ ಗಿಟ್ಟುವುದಾದರೂ ಏನು? ಗುಟ್ಟು ಇಷ್ಟೇ: ಲಾಭ ಪೆಟ್ಟಿಗೆಯಲ್ಲಿಲ್ಲ, ಆಟದಲ್ಲಿದೆ. ಬೇರೆಯವರು ಮಾಡಿದ ಆಟ ಮಾರಾಟವಾದರೂ ಪೆಟ್ಟಿಗೆಯವರಿಗೆ ಪಾಲು ಸಂದಾಯವಾಗಲೇಬೇಕು. 2006ರ ಪ್ಲೇಸ್ಟೇಷನ್ 3ರ ದೊಡ್ಡ ಮಾದರಿಯ 599 ಡಾಲರ್ ಬೆಲೆ ಕೇಳಿ ಜನ ಬೆಚ್ಚಿದರು. ಸೋನಿ ಅದನ್ನೂ ನಷ್ಟಕ್ಕೇ ಮಾರುತ್ತಿತ್ತು. ಎಕ್ಸ್‌ಬಾಕ್ಸ್ ಪೆಟ್ಟಿಗೆ ಮಾರಿ ಯಾವತ್ತೂ ಲಾಭ ಕಂಡಿಲ್ಲ ಎಂದು ಮೈಕ್ರೋಸಾಫ್ಟ್ ಅಧಿಕಾರಿಯೊಬ್ಬರು 2021ರಲ್ಲಿ ಕೋರ್ಟಿನಲ್ಲೇ ಹೇಳಿದರು.

ಈ ಇಬ್ಬರೂ ಯಾರ ಚಿತ್ರ ಹೆಚ್ಚು ಸ್ಪಷ್ಟ ಎಂದು ಗುದ್ದಾಡುತ್ತಿದ್ದಾಗ ಅಜ್ಜ ಬೇರೆಯೇ ದಾರಿ ಹಿಡಿದ. ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸಿ ಎನ್ನುವುದು ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ರೂಪಿಸಿದ ನಿಂಟೆಂಡೊದ ಗುನ್‌ಪೇ ಯೊಕೊಯಿ ಅವರ ಪಾಠ. ಆ ಜಾಡಿನಲ್ಲೇ 2006ರಲ್ಲಿ ಬಂದ ವೀ ಪೆಟ್ಟಿಗೆ ಹತ್ತು ಕೋಟಿ ಮೀರಿ ಮಾರಾಟವಾಯಿತು. ಸೋಫಾ ಬಿಟ್ಟೇಳದವರೂ ಎದ್ದು ಕೈ ಬೀಸಿ ಟೆನಿಸ್ ಆಡಿದರು. ಅಜ್ಜನೂ ಎಡವದೆ ಇರಲಿಲ್ಲ: ವೀಯ ತಮ್ಮ ವೀ ಯು ಒಂದೂವರೆ ಕೋಟಿಯನ್ನೂ ಮುಟ್ಟಲಿಲ್ಲ. 2017ರಲ್ಲಿ ಸ್ವಿಚ್ ಬಂದ ಮೇಲೆ ಮಾನ ಉಳಿಯಿತು.

ಈಗೀಗ ಜಗಳದ ಕಾವು ಇಳಿದಿದೆ. 2023ರಲ್ಲಿ ಆಟ ತಯಾರಿಸುವ ಆ್ಯಕ್ಟಿವಿಷನ್ ಬ್ಲಿಝರ್ಡ್ ಕಂಪನಿಯನ್ನು ಸುಮಾರು 6,900 ಕೋಟಿ ಡಾಲರಿಗೆ ಕೊಂಡ ಮೈಕ್ರೋಸಾಫ್ಟ್, ತನ್ನ ಆಟಗಳನ್ನು ಎದುರಾಳಿ ಸೋನಿಯ ಪೆಟ್ಟಿಗೆಗೂ ಕೊಡುತ್ತಿದೆ. ಒಳ್ಳೆಯದೇ ಅಲ್ಲವೇ ಎಂದರೆ, ಬೆಲೆ ನೋಡಿ. ಮೊದಲೆಲ್ಲ ಪೆಟ್ಟಿಗೆ ಹಳೆಯದಾದಂತೆ ಅಗ್ಗವಾಗುತ್ತಿತ್ತು. 2025ರಲ್ಲಿ ಐದು ವರ್ಷ ಹಳೆಯ ಪೆಟ್ಟಿಗೆಗಳಿಗೆ ಇಬ್ಬರೂ ಅಮೆರಿಕದಲ್ಲಿ ಬೆಲೆ ಏರಿಸಿದರು. ಕಾರಣ ಕೇಳಿದರೆ ಮಾರುಕಟ್ಟೆ, ಆರ್ಥಿಕತೆ ಎಂದರು. ಇರಬಹುದು. ಆದರೆ ಇವರ ನಡುವೆ ಸ್ನೇಹ ಹೆಚ್ಚಾಗದಿರಲಿ ಎಂದು ಗಿರಾಕಿ ದೇವರಲ್ಲಿ ಬೇಡಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ.