ತುಳಸಿದಳಕ್ಕೆ ಯಗಟಿಯ ತೀರ್ಪು

ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ಕಾದಂಬರಿ ತೆಲುಗಿನಿಂದ ಕನ್ನಡಕ್ಕೆ ಬಂದು, 1985ರಲ್ಲಿ ಕನ್ನಡ ಸಿನಿಮಾವೂ ಆಯಿತು. ಪಟ್ಟಣದ ಸಿರಿವಂತರ ಮನೆಯ ಪುಟ್ಟ ಹುಡುಗಿಗೆ ಮಾಟ. ಒಂದು ಕಡೆ ಡಾಕ್ಟರು, ಇನ್ನೊಂದು ಕಡೆ ಮಂತ್ರವಾದಿ.

ನಮ್ಮೂರು ಯಗಟಿಯಲ್ಲಿ ಇದರ ಮಾತೆತ್ತಿದರೆ ಇವತ್ತಿಗೂ ಪಂಚಾಯ್ತಿ. “ಬರೀ ಮೂಢನಂಬಿಕೆ” ಎನ್ನುವ ಮೇಷ್ಟ್ರಿಗೆ ಇಡೀ ಕಥೆ ಬಾಯಿಪಾಠ. ತೆಂಗಿನಕಾಯಿ ವ್ಯಾಪಾರದ ಮಾವ, “ಓದಿದ್ಮೇಲೆ ದಾರೀಲಿ ನಿಂಬೆಹಣ್ಣು ಕಂಡ್ರೆ ಸುತ್ತು ಹಾಕ್ಕೊಂಡು ಹೋಗ್ತಿದ್ದೆ ಕಣಯ್ಯಾ” ಅಂತಾರೆ. ಅಜ್ಜಿಯ ತಕರಾರೇ ಬೇರೆ: “ಅಷ್ಟು ದುಡ್ಡಿರೋರು ಒಂದ್ಸಲ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರೆ ಎರಡೇ ಪುಟಕ್ಕೆ ಮುಗೀತಿತ್ತಲ್ಲೋ!”

ವಿಮರ್ಶಕರು ಏನೇ ಅನ್ನಲಿ, ಮೂವರಲ್ಲಿ ಒಬ್ಬರೂ ಅರ್ಧಕ್ಕೆ ಬಿಟ್ಟಿಲ್ಲ. ನೀವೂ ಓದಿ, ಕರೆಂಟು ಇರುವ ಹೊತ್ತು ನೋಡಿಕೊಂಡು.