‘ಪೂಜಿ ಅವನಿಗೆ, ತುಳಿತ ನನಗ’: ಕೆರೂರಿನ ಎಕ್ಸ್‌ಟೆನ್ಷನ್ ವಾಯರ್ ಸಂದರ್ಶನ

ಪುಷ್ಯ ಮಾಸ ಹತ್ತಿರವಾಯಿತೆಂದರೆ ಬಾದಾಮಿ ಸೀಮೆಯ ಬಡಿಗರಿಗೆ ನಿದ್ದೆ ಕಡಿಮೆ. ಬನದ ಹುಣ್ಣಿಮೆಗೆ ಬನಶಂಕರಿಯ ತೇರು, ಅದರ ಬೆನ್ನಿಗೇ ವಾರಗಟ್ಟಲೆ ಜಾತ್ರೆ. ನಾಟಕ ಕಂಪನಿಗಳಿಗೆ ಹೇಗೋ ಹಾಗೆಯೇ ಬಾಗಿಲು, ಚೌಕಟ್ಟುಗಳ ಮಾರಾಟಕ್ಕೂ ಆ ಜಾತ್ರೆ ಹೆಸರುವಾಸಿ. ವಿಜಯಪುರ–ಹುಬ್ಬಳ್ಳಿ ಹೆದ್ದಾರಿಯ ಕೆರೂರಿನಲ್ಲಿ, ರಸ್ತೆಗೆ ಮುಖ ಮಾಡಿದ ಒಂದು ಬಡಿಗತನದ ಶೆಡ್ಡಿಗೆ ಪತ್ರಿಕೆಯ ಪ್ರತಿನಿಧಿ ಹೋದದ್ದು ಜಿಗ್‌ಸಾ ಮಷೀನನ್ನು ಮಾತಾಡಿಸಲು. ಶೆಡ್ಡು ಕಲ್ಪನೆಯದು, ಅಂಥದು ಸಿಗದ ಊರು ಮಾತ್ರ ಈ ಭಾಗದಲ್ಲಿಲ್ಲ. ಜಿಗ್‌ಸಾಗೆ ಬಿಡುವಿರಲಿಲ್ಲ. ನಾಟಕದ ಬೋರ್ಡಿಗಾಗಿ ಪ್ಲೈವುಡ್ಡಿನಲ್ಲಿ ಅಕ್ಷರ ಕೊರೆಯುತ್ತಿತ್ತು. ಅಷ್ಟರಲ್ಲಿ ಪ್ರತಿನಿಧಿಯ ಕಾಲಿಗೆ ಏನೋ ತೊಡರಿತು.

“ತುಳೀರಿ, ತುಳೀರಿ. ಮುಂಜಾನಿಂದ ಎರಡ ಬೈಕ್, ಒಂದ ಟಂಟಂ ನನ್ನ ಮ್ಯಾಲೇ ಹೋಗ್ಯಾವು. ನಿಮ್ಮದೊಂದು ಬೂಟ್ ಯಾಕ ಉಳೀಬೇಕು?”

ಮೂವತ್ತು ಮೀಟರ್ ಉದ್ದದ ಎಕ್ಸ್‌ಟೆನ್ಷನ್ ವಾಯರು. ಒಂದು ತುದಿ ಪಕ್ಕದ ಮನೆಯ ಕಿಟಕಿಯೊಳಗೆ, ಇನ್ನೊಂದು ತುದಿಯ ಬಾಕ್ಸು ಕಟ್ಟಿಗೆ ಹೊಟ್ಟಿನ ರಾಶಿಯೊಳಗೆ. ನಡುವೆ ಮೂರು ಕಡೆ ಕಪ್ಪು ಟೇಪು. ಪ್ರತಿನಿಧಿ ಕ್ಷಮೆ ಕೇಳಿ, ಸಂದರ್ಶನಕ್ಕೆ ಒಪ್ಪುತ್ತೀರಾ ಎಂದರು.

“ನನ್ನನ್ನ? ಖಂಡೇನವಮಿಗೆ ಅವನಿಗೆ ವಿಭೂತಿ, ಕುಂಕುಮ, ಚೆಂಡುಹೂವು. ಅದ ದಿನ ದೀಪದ ಸರ ಹಚ್ಚಾಕ ನನ್ನ ಎಳಕೊಂಡು ಹೋಗ್ತಾರ. ಸಂದರ್ಶನಾನೂ ಅವಂದ ಮಾಡಾಕ ಬಂದಿದ್ರಿ, ಖರೇ ಹೇಳ್ರಿ.”

ಖರೆ ಎಂದು ಒಪ್ಪಿಕೊಂಡ ಮೇಲೆ ವಾಯರು ಸ್ವಲ್ಪ ಮೆತ್ತಗಾಯಿತು. ಜಿಗ್‌ಸಾದ ವಂಶಾವಳಿಯನ್ನು ತಾನೇ ಹೇಳಿತು. ರಾತ್ರಿಯಾದರೆ ಕಪಾಟಿನಲ್ಲಿ ಅವನದು ಅದೇ ಬಡಾಯಿಯಂತೆ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸೋಲೊಥರ್ನ್ ಊರಿನ ಸಿಂಟಿಲ್ಲಾ ಕಂಪನಿಯ ಎಂಜಿನಿಯರ್ ಆಲ್ಬರ್ಟ್ ಕೌಫ್‌ಮನ್, ಹೆಂಡತಿಯ ಹೊಲಿಗೆ ಯಂತ್ರದ ಸೂಜಿ ಬಿಚ್ಚಿ ಆ ಜಾಗದಲ್ಲಿ ಗರಗಸದ ಅಲಗು ಸಿಕ್ಕಿಸಿ ನೋಡಿದ. ಆ ಕಂಪನಿ ಆಮೇಲೆ ಬಾಷ್ ಕೈಸೇರಿತು. ಗುಳೇದಗುಡ್ಡದ ಖಣದಲ್ಲಿ ಕುಪ್ಪಸ ಹೊಲಿಯುವ ಮಷೀನಿನ ದಾಯಾದಿ ಇವನು ಎಂದು ವಾಯರಿನ ಕೊಂಕು.

“ಅವನ ಹಲ್ಲ ನೋಡಿ ಎಲ್ಲಾರೂ ಅಂಜತಾರ್ರಿ. ಮೂರ ಇಂಚಿನ ಅಲಗು, ಕಣ್ಣಿಗೆ ಕಾಣತೈತಿ. ನನ್ನೊಳಗ ಹರಿಯೂ 230 ವೋಲ್ಟ್ ಯಾರ ಕಣ್ಣಿಗೂ ಕಾಣೂದಿಲ್ಲ. ಕಾಣದ್ದಕ್ಕ ಯಾರು ಅಂಜತಾರ?”

ಅಂಜಬೇಕಾದ ಲೆಕ್ಕ ಸರ್ಕಾರದ ಕಡತದಲ್ಲೇ ಇದೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಅಪಘಾತ ವರದಿಗಳಲ್ಲಿ ವಿದ್ಯುತ್ ತಗುಲಿ ಸತ್ತವರ ಸಂಖ್ಯೆ ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ. ಅವರೆಲ್ಲ ಕಂಬ ಹತ್ತಿದವರೇನಲ್ಲ.

ಬೋರ್ಡಿನ ಕೆಲಸದಲ್ಲಿ ಅಂಥ ಅಪಾಯವೇನಿದೆ ಎಂದು ಪ್ರತಿನಿಧಿ ಕೇಳಿದರು. ವಾಯರು ಕನ್ನಡ ಲಿಪಿಯ ಮೇಲೆಯೇ ದೂರು ಹೇಳಿತು. ನೆಟ್ಟಗಿನ ಗೆರೆಯಾದರೆ ಮಷೀನು ಒಂದೇ ದಿಕ್ಕಿಗೆ ಹೋಗುತ್ತದೆ, ಅದರ ಬಾಲ ಹಿಂದೆ ಬರುತ್ತದೆ. ‘ಣ’ ಕೊರೆಯುವಾಗ ಹಾಗಲ್ಲ. ಮಷೀನು ಸುತ್ತುತ್ತಾ ಹೋದಂತೆ ಬಾಲವೂ ಸುತ್ತಿ ಅಲಗಿನ ಮುಂದೆಯೇ ಬಂದು ಬೀಳುತ್ತದೆ. ‘ಠ’ ಬಂದರೆ ಇನ್ನೊಂದು ಪಜೀತಿ. ಒಳಗಿನ ಸುತ್ತು ತೆಗೆಯಲು ಮೊದಲು ಡ್ರಿಲ್ಲಿನಿಂದ ಅಲಗು ಹಿಡಿಸುವಷ್ಟು ತೂತು ಹಾಕಬೇಕು. ಡ್ರಿಲ್ಲಿಗೆ ಬಾಕ್ಸಿನಲ್ಲಿ ಇನ್ನೊಂದು ಪಿನ್ನು, ನೆಲದ ಮೇಲೆ ಇನ್ನೊಂದು ವಾಯರು.

“ಬಾಲಾನ ಹೆಗಲ ಮ್ಯಾಲಿಂದ ಹಿಂದಕ್ಕ ಹಾಕ್ಕೋ ಅಂತ ಈ ಹುಡುಗಗ ಹೇಳಿ ಹೇಳಿ ಸಾಕಾತು. ಮಷೀನಿನ ವಾಯರೂ ನಾನೂ ಕೂಡೂ ಕಡೆ ಸಡಿಲಾಗಿ ಒಂದು ಗಂಟು ಹಾಕಿದ್ರ ಎಳದಾಗ ಪಿನ್ ಕಳಚೂದಿಲ್ಲ. ಅದಕ್ಕ ರೊಕ್ಕ ಬೀಳತೈತೇನ್ರಿ?”

ಹಲಗೆಯ ಕೆಳಗಿನ ಕಥೆಯೂ ಇದೆ. ಜಿಗ್‌ಸಾ ಅಲಗು ಹಲಗೆ ದಾಟಿ ಕೆಳಗೂ ಒಂದೆರಡು ಇಂಚು ಇಣುಕುತ್ತದೆ. ಹಲಗೆ ಅಲುಗುತ್ತದೆಂದು ಎಡಗೈಯನ್ನು ಕೆಳಗೆ ಆನಿಸಿದವರ ಬೆರಳು ಹೋದದ್ದು ಹೀಗೇ. ವಾಯರನ್ನು ಕೆಳಗೆ ಸುರುಳಿ ಬಿಟ್ಟಿದ್ದರೆ ಅದರ ಗತಿಯೂ ಅದೇ. ಎರಡು ಸಿ-ಕ್ಲ್ಯಾಂಪಿನಿಂದ ಹಲಗೆಯನ್ನು ಬೆಂಚಿಗೆ ಬಿಗಿದರೆ ಕೈಗೆ ಮಷೀನು ಹಿಡಿಯುವುದೊಂದೇ ಕೆಲಸ. ಸಾಮಾನ್ಯ ಅಲಗಿನ ಹಲ್ಲು ಮೇಲ್ಮುಖ, ಮೇಲೆ ಬರುವಾಗಲೇ ಕೊಯ್ಯುತ್ತದೆ. ಅದಕ್ಕೇ ಪ್ಲೈವುಡ್ಡಿನ ಚಂದದ ಮುಖವನ್ನು ಕೆಳಗೆ ಮಾಡಿ ಗೆರೆ ಹಾಕುವುದು ಬಲ್ಲವರ ರೂಢಿ. ಅಲಗು ಬದಲಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪಿನ್ನೇ ತೆಗೆಯಬೇಕು. ಆಗಷ್ಟೇ ಕೊಯ್ದ ಅಲಗು ಸುಡುತ್ತದೆ ಎಂಬುದನ್ನು ಶೆಡ್ಡಿನ ಹುಡುಗನ ಹೆಬ್ಬೆರಳು ಬಲ್ಲದು.

“ನಿಮ್ಮ ಮೈಮೇಲೆ ಏನೂ ಬರೆದಿಲ್ಲವಲ್ಲ?”

ಪ್ರಶ್ನೆ ನಾಟಿತು. ವಾಯರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಪಟ್ಟದಕಲ್ಲಿಗೆ ಹೋಗೀರೇನ್ರಿ? ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿ ಹೆಸರು ಎಂಟನೇ ಶತಮಾನದಿಂದ ಕಲ್ಲಿನ ಮ್ಯಾಲ ಐತಿ. ನನ್ನ ಮಾಡಿದವನ ಹೆಸರು ಮಾಡಿದ ದಿನಾನೂ ಇರಲಿಲ್ಲ.”

ಇರಬೇಕಾದದ್ದು ಏನೆಂದು ಅದಕ್ಕೆ ಬಾಯಿಪಾಠ. ಐಎಸ್‌ಐ ಗುರುತು, ಐಎಸ್ 694 ಎಂಬ ಮಾನದಂಡದ ಸಂಖ್ಯೆ, ಎಷ್ಟು ವೋಲ್ಟಿನದು ಎಂಬುದು, ತಂತಿಯ ದಪ್ಪ ಎಷ್ಟು ಚದರ ಮಿಲಿಮೀಟರ್ ಎಂಬುದು, ಜೊತೆಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ. ಆ ಸಂಖ್ಯೆಯನ್ನು ಮೊಬೈಲಿನ ‘ಬಿಐಎಸ್ ಕೇರ್’ ಆ್ಯಪಿಗೆ ಹಾಕಿದರೆ ಲೈಸೆನ್ಸು ಜೀವಂತವಿದೆಯೇ ಎಂದು ತಿಳಿಯುತ್ತದೆ. ಇಳಕಲ್ ಸೀರೆಯ ಸೆರಗನ್ನು ಬೆಳಕಿಗೆ ಹಿಡಿದು ಟೋಪ್ ತೆನಿ ನೋಡಿ ಚೌಕಾಸಿ ಮಾಡುವ ಜನ, ವಾಯರು ಕೊಳ್ಳುವಾಗ ‘ಮೀಟರಿಗೆ ಎಷ್ಟು’ ಎಂದಷ್ಟೇ ಕೇಳುತ್ತಾರೆ.

ದಪ್ಪದ ಮಾತು ಬಂದಾಗ ವಾಯರು ಲೆಕ್ಕಕ್ಕೇ ಇಳಿಯಿತು. ತನ್ನದು 0.75 ಚದರ ಮಿಲಿಮೀಟರ್ ತಾಮ್ರ. ಮೂವತ್ತು ಮೀಟರ್ ಹೋಗಿ ಮೂವತ್ತು ಮೀಟರ್ ಬರುವ ದಾರಿಯಲ್ಲಿ ಸುಮಾರು ಒಂದೂವರೆ ಓಮ್ ರೋಧ. ಐನೂರು ವಾಟಿನ ಜಿಗ್‌ಸಾ ಎಳೆಯುವುದು ಎರಡು ಆಂಪಿಯರ್ ಚಿಲ್ಲರೆ. ಆಗ ತನ್ನೊಳಗೆ ಹುಟ್ಟುವ ಶಾಖ ಆರೇಳು ವಾಟ್, ಅದು ತಡೆಯುವಂಥದ್ದೇ.

“ಆದ್ರ ಮೇಸ್ತ್ರಿ ಏನ ಮಾಡ್ತಾರ? ಇದ ಬಾಕ್ಸಿಗೆ ಮರ ಸೀಳೂ ಸರ್ಕ್ಯುಲರ್ ಮಷೀನ್ ಹಚ್ಚತಾರ, ಮ್ಯಾಲ ನೀರಿನ ಮೋಟರ್. ಹತ್ತು ಆಂಪಿಯರ್ ಆತು. ಆಂಪಿಯರ್ ಐದು ಪಟ್ಟಾದ್ರ ಶಾಖ ಐದು ಪಟ್ಟಲ್ರಿ, ಇಪ್ಪತ್ತೈದು ಪಟ್ಟು. ನೂರಾ ಐವತ್ತು ವಾಟ್! ಹಳೇ ಅರವತ್ತರ ಬಲ್ಬು ಎರಡೂವರಿ ಹೊಟ್ಯಾಗ ಉರದಂಗ. ಅದೂ ನನ್ನ ಸುರುಳಿ ಬಿಚ್ಚದ, ಹೊಟ್ಟಿನ ರಾಶ್ಯಾಗ ಹುಗದು.”

ಬಿಚ್ಚಿ ಹರಡಿದ ವಾಯರಿನ ಶಾಖ ಗಾಳಿಗೆ ಹೋಗುತ್ತದೆ. ಸುರುಳಿಯಲ್ಲಿ ಒಂದು ಸುತ್ತು ಇನ್ನೊಂದನ್ನು ಬೇಯಿಸುತ್ತದೆ. ಪಿವಿಸಿ ಮೆತ್ತಗಾಗಿ ಒಳಗಿನ ಎಳೆಗಳು ಒಂದಕ್ಕೊಂದು ಅಂಟುವುದು ಹಾಗೆಯೇ. ದೊಡ್ಡ ಮಷೀನುಗಳಿಗೆ ಕನಿಷ್ಠ ಒಂದೂವರೆ ಚದರ ಮಿಲಿಮೀಟರಿನ ಮೂರೆಳೆಯ ವಾಯರು ಬೇಕು, ಪೂರ್ತಿ ಬಿಚ್ಚಿರಬೇಕು, ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಬಾರದು. ಈ ಶೆಡ್ಡಿನಲ್ಲಿ ಮೂರೂ ಪಾಲನೆಯಾಗಿಲ್ಲ.

“ಎಂಸಿಬಿ ಇದೆಯಲ್ಲ, ಲೋಡು ಹೆಚ್ಚಾದರೆ ಬೀಳುತ್ತದೆ ಬಿಡಿ” ಎಂದು ಪ್ರತಿನಿಧಿ ಜಾಣತನ ತೋರಿದರು.

“ಎಲ್ಲಾರೂ ಹಿಂಗ ಅಂತಾರ. 16 ಆಂಪಿಯರಿನ ಎಂಸಿಬಿ ಹತ್ತು ಆಂಪಿಯರಿಗೆ ಯಾಕ ಬೀಳಬೇಕು? ನಾ ಸುಟ್ಟರೂ ಅದು ಮಲಗಿರತೈತಿ. ಮನಷ್ಯಾನ ವಿಚಾರಕ್ಕ ಬರ್ರಿ. ಮೈ ಹಸಿ ಇದ್ರ ರೋಧ ಸಾವಿರ ಓಮ್ ಆಸುಪಾಸು. 230 ವೋಲ್ಟಿಗೆ ಕಾಲು ಆಂಪಿಯರೂ ಹರಿಯೂದಿಲ್ಲ. ಹತ್ತಿಪ್ಪತ್ತು ಮಿಲಿಆಂಪಿಯರಿಗೇ ಹಿಡದ ಕೈ ಬಿಡಾಕ ಬರೂದಿಲ್ಲ, ಅದರ ಹತ್ತು ಪಟ್ಟು ಹರದ್ರ ಜೀವಾನ ಉಳಿಯೂದಿಲ್ಲ. ಎಂಸಿಬಿ ಲೆಕ್ಕದಾಗ ಮನಷ್ಯಾ ಅಂದ್ರ ಒಂದು ಸಣ್ಣ ಬಲ್ಬು.”

ಮನುಷ್ಯನನ್ನು ಲೆಕ್ಕಕ್ಕೆ ಹಿಡಿಯುವ ಸಾಧನ ಬೇರೆ. ಹೋದ ಕರೆಂಟು ಅಷ್ಟೂ ಮರಳಿತೇ ಎಂದು ತೂಗಿ ನೋಡಿ, 30 ಮಿಲಿಆಂಪಿಯರ್ ಕಡಿಮೆ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನು ಕತ್ತರಿಸುವ ಆರ್‌ಸಿಸಿಬಿ. ಅದರ ಮೇಲೆ ‘ಟಿ’ ಎಂಬ ಗುಂಡಿ ಇರುತ್ತದೆ; ಆಗಾಗ ಒತ್ತಿ, ಬೀಳುತ್ತದೆಯೇ ನೋಡಬೇಕು. ಇಲ್ಲಿ ಅದನ್ನು ಕೂಡಿಸಿಲ್ಲವೇಕೆ? ಹೊಣೆ ಮೀಟರಿನ ತನಕ ವಿದ್ಯುತ್ ಕಂಪನಿ ಹೆಸ್ಕಾಂನದು, ಮೀಟರು ದಾಟಿದ ಮೇಲೆ ಮನೆಯವರದು. ಮನೆ ಪಕ್ಕದವರದು, ಕೆಲಸ ಮೇಸ್ತ್ರಿಯದು. ಇಬ್ಬರ ನಡುವೆ ವಾಯರು.

ಪಿನ್ನಿನ ವಿಷಯ ಕೇಳಿದಾಗ ಅದರ ದನಿ ತಗ್ಗಿತು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿನದು ದಪ್ಪ, ಉದ್ದ, ಅರ್ಥಿನದು. ಎಲ್ಲರಿಗಿಂತ ಮೊದಲು ಒಳಗೆ ಹೋಗಿ ಎಲ್ಲರಿಗಿಂತ ಕೊನೆಗೆ ಹೊರಗೆ ಬರಲೆಂದೇ ಉದ್ದ. ಶಟರ್ ಇರುವ ಸಾಕೆಟ್ಟಿನಲ್ಲಿ ಕೆಳಗಿನ ಎರಡು ತೂತಿನ ಪರದೆ ಸರಿಸುವುದೂ ಅದೇ. ಎರಡು ಪಿನ್ನಿನವರು ಬಂದಾಗ ಜನ ಅರ್ಥಿನ ತೂತಿಗೆ ಸ್ಕ್ರೂಡ್ರೈವರ್ ತುರುಕಿ ಪರದೆ ಸರಿಸುತ್ತಾರೆ. ಪ್ಲಗ್ಗೇ ಇಲ್ಲದವರು ಬೆತ್ತಲೆ ತಂತಿ ತೂರಿ ಕಡ್ಡಿಪೆಟ್ಟಿಗೆಯ ಕಡ್ಡಿ ಸಿಕ್ಕಿಸುತ್ತಾರೆ.

ಜಿಗ್‌ಸಾಗೂ ಎರಡೇ ಪಿನ್ನಲ್ಲವೇ?

“ಅವಂದು ಬ್ಯಾರೆ. ಮೈಮ್ಯಾಲ ಚೌಕದೊಳಗ ಚೌಕದ ಗುರುತು ಐತಿ ನೋಡ್ರಿ, ಡಬಲ್ ಇನ್ಸುಲೇಷನ್. ಅವನಿಗೆ ಅರ್ಥ್ ಬೇಕಿಲ್ಲ. ಆದ್ರ ಅದ ಬಾಕ್ಸಿಗೆ ನಾಳೆ ಕಬ್ಬಿಣದ ಮೈಯ ಮೋಟರ್ ಹಚ್ಚತಾರಲ್ಲ, ಅದಕ್ಕ ಬೇಕು. ನನ್ನ ಹೊಟ್ಯಾಗಿನ ಹಸಿರು ವಾಯರ್ ಇರೂದ ಅದಕ್ಕ.”

ಅಷ್ಟರಲ್ಲಿ ಕರೆಂಟು ಹೋಯಿತು. ಜಿಗ್‌ಸಾ ‘ಣ’ದ ಹೊಟ್ಟೆಯಲ್ಲೇ ನಿಂತಿತು. ಹುಡುಗ ಅದನ್ನು ಮೇಲೆತ್ತಿ ಬೆಂಚಿನ ಮೇಲೆ ಇಟ್ಟು ಚಹಾ ತರಲು ಹೋದ.

“ಲಾಕ್ ಗುಂಡಿ ಬಿಡಿಸಿಲ್ಲ ಅವ. ಒತ್ತಿ ಹಿಡಿಯೂದು ಬ್ಯಾಸರಾ ಅಂತ ಗುಂಡಿ ಹಾಕಿ ಓಡಸತಾನ. ನೀವರ ಪಿನ್ ತಗೀರಿ, ಲಗೂನ—”

ಪ್ರತಿನಿಧಿ ಪೆನ್ನಿಗೆ ಟೋಪಿ ಹಾಕಿ ಏಳುವ ಮೊದಲೇ ಕರೆಂಟು ಬಂತು. ಜಿಗ್‌ಸಾ ತಾನಾಗಿಯೇ ಶುರುವಾಗಿ ಬೆಂಚಿನ ಮೇಲೆ ಕುಣಿಯುತ್ತಾ ಅಂಚಿನ ಕಡೆ ನಡೆಯಿತು. ಹುಡುಗ ಚಹಾದ ಕೇಟ್ಲಿ ಬಿಟ್ಟು ಮಷೀನಿಗೆ ಕೈಹಾಕಲು ಓಡಿಬಂದ. “ಅದನ್ನ ಹಿಡೀಬ್ಯಾಡೋ ತಮ್ಮಾ, ಸ್ವಿಚ್ ಬಂದ್ ಮಾಡು!” ಎಂದು ವಾಯರು ಅರಚಿತು. ಹುಡುಗ ಸ್ವಿಚ್ಚಿನ ಬದಲು ವಾಯರನ್ನೇ ಹಿಡಿದು ಜಗ್ಗಿದ. ಮಷೀನು ನಿಂತಿತು. ಪಕ್ಕದ ಮನೆಯ ಕಿಟಕಿಯೊಳಗೆ ಪ್ಲಗ್ಗು ಸಾಕೆಟ್ಟಿನಲ್ಲೇ ಉಳಿದು, ಕಿತ್ತುಬಂದ ಮೂರು ಎಳೆ ಹುಡುಗನ ಕೈಗೆ ಬಂದವು.

ಮೇಸ್ತ್ರಿ ಬಂದು ಹುಡುಗನಿಗೆ ಎರಡು ಬೈದು, ಪ್ಲಗ್ಗು ತರಿಸಿ ಬಿಚ್ಚಿದರು. ಕೆಂಪು ಒಂದು ಕಡೆ ಬಿಗಿದರು, ಕಪ್ಪು ಇನ್ನೊಂದು ಕಡೆ. ಹಸಿರನ್ನು ಹಿಂದಕ್ಕೆ ಮಡಚಿ ಟೇಪು ಸುತ್ತಿದರು.

“ಹಸಿರು ಬಿಟ್ರಲ್ಲರೀ?” ಎಂದು ಪ್ರತಿನಿಧಿ ಕೇಳಿದರು.

“ಅದರ ಸ್ಕ್ರೂ ಕಳದು ವರ್ಷಾತ್ರಿ ಸರ” ಎಂದ ಮೇಸ್ತ್ರಿ ಪಿನ್ನು ಚುಚ್ಚಿ ಸ್ವಿಚ್ಚು ಒತ್ತಿದರು. “ನಡೀತೈತಲ್ಲ?”